ಬೋರ್ಡ್ ಕಾಣಿಸ್ತಿಲ್ಲ ಮೇಡಂ

ಆರ್ಡುಯಿನೋ ಅಂದರೆ ಪ್ರೋಗ್ರಾಂ ತುಂಬಿ ಎಲ್‌ಇಡಿ, ಮೋಟರ್ ತರದವನ್ನು ಆಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್. ಅದನ್ನು ಕಲಿಸೋಕೆ ಕಾಲೇಜುಗಳಿಗೆ ಕರೆದಾಗಲೆಲ್ಲ ಆಯೋಜಕರು ಮಕ್ಕಳಿಗೆ ಮೊದಲೇ ಒಂದು ವಾಟ್ಸಾಪ್ ಮೆಸೇಜ್ ಹಾಕಿರುತ್ತಾರೆ. "ಎಲ್ಲರೂ ಆರ್ಡುಯಿನೋ ಐಡಿಇ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ." ಮಕ್ಕಳು ಹೇಳಿದ ಹಾಗೆ ಮಾಡಿಕೊಂಡೇ ಬಂದಿರುತ್ತಾರೆ. ಲ್ಯಾಪ್‌ಟಾಪ್ ತೆರೆದರೆ ಐಡಿಇ, ಅಂದರೆ ಪ್ರೋಗ್ರಾಂ ಬರೆದು ಬೋರ್ಡಿಗೆ ತುಂಬುವ ಸಾಫ್ಟ್‌ವೇರ್, ಓಪನ್ ಆಗುತ್ತದೆ. ಮನೆಯಲ್ಲಿ ನೆಟ್ ಇದ್ದಾಗ ಒಮ್ಮೆ ತೆರೆದು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಕೂಡ ಇಳಿದಿರುತ್ತದೆ, ಎಲ್‌ಇಡಿ ಮಿನುಗಿಸುವ ಬ್ಲಿಂಕ್ ಪ್ರೋಗ್ರಾಂ ಸರಾಗವಾಗಿ ಕಂಪೈಲ್ ಆಗುತ್ತದೆ. ಅಲ್ಲಿಯವರೆಗೆ ಎಲ್ಲರ ಮುಖದಲ್ಲೂ ನಗು. ಬೋರ್ಡ್ ಚುಚ್ಚಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ: "ಬೋರ್ಡ್ ಕಾಣಿಸ್ತಿಲ್ಲ ಮೇಡಂ." ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಊಟದ ಹೊತ್ತಾದರೂ ಕೆಲವರ ಎಲ್‌ಇಡಿ ಮಿನುಗಿರುವುದಿಲ್ಲ.

ಆ ಅರ್ಧ ದಿನವನ್ನು ಎಲ್ಲರೂ ದಂಡ ಅಂತಲೇ ಲೆಕ್ಕ ಹಾಕುತ್ತಾರೆ. "ಇನ್‌ಸ್ಟಾಲೇಶನ್‌ನಲ್ಲೇ ಟೈಮ್ ಹೋಯ್ತು, ಪಾಠ ಆಗಲಿಲ್ಲ" ಅಂತ ಆಯೋಜಕರು ಬೇಜಾರು ಮಾಡಿಕೊಳ್ಳುತ್ತಾರೆ. ಈ ಮಾತು ನನ್ನನ್ನು ತುಂಬಾ ದಿನದಿಂದ ಕೊರೆಯುತ್ತಿದೆ. ನನ್ನ ಮಟ್ಟಿಗೆ ಆ ಅರ್ಧ ದಿನವೇ ಪಾಠ. ನಾವು ಅದನ್ನು ಪಾಠದ ಹಾಗೆ ಮಾಡುವುದಿಲ್ಲ, ಅಷ್ಟೇ. ಒಬ್ಬರ ಹಿಂದೆ ಒಬ್ಬರ ಹತ್ತಿರ ಓಡಿ ಹೋಗಿ, ಅವರ ಕೈಯಿಂದ ಕೀಬೋರ್ಡ್ ಕಿತ್ತುಕೊಂಡು, ಏನೋ ಟೈಪ್ ಮಾಡಿ, "ಈಗ ನೋಡು" ಅಂದು ಮುಂದೆ ಹೋಗುತ್ತೇವೆ. ಏನಾಗಿತ್ತು, ಯಾಕಾಗಿತ್ತು ಅಂತ ಆ ಮಗುವಿಗೆ ಗೊತ್ತೇ ಆಗುವುದಿಲ್ಲ. ಮನೆಗೆ ಹೋಗಿ ಇನ್ನೊಂದು ಬೋರ್ಡ್ ಚುಚ್ಚಿದಾಗ ಮತ್ತೆ ಅದೇ ಕಥೆ. ಆಗ ಸಹಾಯಕ್ಕೆ ಯಾರೂ ಇರುವುದಿಲ್ಲ.

ಇದರಲ್ಲಿ ಹಿಂದೆ ಬೀಳುವವರು ಯಾರು ಅಂತ ಗಮನಿಸಿದ್ದೇನೆ. ಅಣ್ಣನ ಹಳೆಯ ಲ್ಯಾಪ್‌ಟಾಪ್ ತಂದವರು, ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲದವರು, ಸ್ವಂತ ಕಂಪ್ಯೂಟರ್ ಇಲ್ಲದೆ ಲ್ಯಾಬಿನದನ್ನೇ ನಂಬಿದವರು. ಬುದ್ಧಿಗೆ ಏನೂ ಕಮ್ಮಿ ಇಲ್ಲ. ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಕ್ಕೆ "ನಂಗೆ ಎಲೆಕ್ಟ್ರಾನಿಕ್ಸ್ ಬರಲ್ಲ" ಅಂತ ತೀರ್ಮಾನಿಸಿಬಿಡುತ್ತಾರೆ. ಒಂದು ಟ್ರಾನ್ಸಿಸ್ಟರ್ ಕೂಡ ಮುಟ್ಟುವ ಮೊದಲೇ!

ವೈರಿನ ಆಚೆ ತುದಿಯಲ್ಲಿ ಏನಿದೆ

ಮಾಮೂಲಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಫೋಟೋ ತಿದ್ದುವ ಪ್ರೋಗ್ರಾಂ ಇನ್‌ಸ್ಟಾಲ್ ಆಯಿತು ಅಂದರೆ ಕೆಲಸ ಮುಗಿಯಿತು. ಆರ್ಡುಯಿನೋ ಐಡಿಇ ವಿಷಯದಲ್ಲಿ ಅದು ಬರೀ ಅರ್ಧ. ಪ್ರೋಗ್ರಾಂ ಕಂಪ್ಯೂಟರಿನ ಒಳಗಿದೆ, ಬೋರ್ಡ್ ಹೊರಗಿದೆ, ನಡುವೆ ಒಂದು ವೈರ್. ಆ ವೈರನ್ನು ಮುಟ್ಟುವ ಹಕ್ಕು ಯಾರಿಗಿದೆ ಅನ್ನುವುದನ್ನು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಒಂದು ರೀತಿ ಕೇಳುತ್ತದೆ, ಲಿನಕ್ಸ್ ಇನ್ನೊಂದು ರೀತಿ, ಮ್ಯಾಕ್ ಮತ್ತೊಂದು ರೀತಿ. ಡೌನ್‌ಲೋಡ್ ಪೇಜಿನಲ್ಲಿ ಮೂರಕ್ಕೂ ಒಂದೊಂದು ಬಟನ್ ಇರುತ್ತದೆ. ಅದನ್ನು ನೋಡಿ ಮೂರರಲ್ಲೂ ಕೆಲಸ ಒಂದೇ ಅಂದುಕೊಳ್ಳುತ್ತೇವೆ.

ಆರ್ಡುಯಿನೋಗಳಲ್ಲಿ ಯುನೋ ಅನ್ನುವ ಬೋರ್ಡಿನ ಮುಖ್ಯ ಚಿಪ್, ಅಂದರೆ ಎಟಿಮೆಗಾ328ಪಿ, ಅದಕ್ಕೆ ಯುಎಸ್‌ಬಿ ಗೊತ್ತೇ ಇಲ್ಲ. ಅದಕ್ಕೆ ಬರುವುದು ಒಂದೊಂದೇ ಬಿಟ್ ಸಾಲಾಗಿ ಕಳಿಸುವ ಹಳೆಯ ಸೀರಿಯಲ್ ಭಾಷೆ ಒಂದೇ. ಹಾಗಾಗಿ ಯುಎಸ್‌ಬಿ ಸಾಕೆಟ್ ಪಕ್ಕದಲ್ಲಿ ದುಭಾಷಿಯಾಗಿ ಇನ್ನೊಂದು ಚಿಪ್ ಕೂತಿರುತ್ತದೆ. ಇಟಲಿಯ ಮೂಲ ಯುನೋ ಆರ್3ಯಲ್ಲಿ ಅದು ಎಟಿಮೆಗಾ16ಯು2. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಮ್ಮಿ ಬೆಲೆಗೆ ಸಿಗುವ ಬೋರ್ಡುಗಳಲ್ಲಿ ಹೆಚ್ಚಾಗಿ ಸಿಎಚ್340 ಅನ್ನುವ ಚೀನಾದ ಚಿಪ್. ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಬೆನ್ನ ಮೇಲಿನ ಅಕ್ಷರಗಳನ್ನು ಓದಬಹುದು. ನಾನು ಮಕ್ಕಳಿಗೆ ಮೊದಲು ಮಾಡಿಸುವ ಕೆಲಸವೇ ಇದು. ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿ ಚಿಪ್ ಮೇಲಿನ ಹೆಸರು ಓದಿ ಅನ್ನುತ್ತೇನೆ. ಕಂಪ್ಯೂಟರಿನ ಜೊತೆ ನಿಜವಾಗಿ ಮಾತಾಡುವುದು ಆ ಸಣ್ಣ ಚಿಪ್ ಅಂತ ಗೊತ್ತಾದ ಕೂಡಲೇ "ಬೋರ್ಡ್ ಕಾಣಿಸ್ತಿಲ್ಲ" ಅನ್ನುವ ದೂರು ಒಂದು ಪ್ರಶ್ನೆಯಾಗಿ ಬದಲಾಗುತ್ತದೆ. ಚಿಪ್ ಕಾಣಿಸುತ್ತಿಲ್ಲವಾ, ಕಾಣಿಸಿಯೂ ಅದರ ಜೊತೆ ಮಾತಾಡಿಸುವ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಸಿಗುತ್ತಿಲ್ಲವಾ, ಡ್ರೈವರ್ ಸಿಕ್ಕಿಯೂ ಅನುಮತಿ ಇಲ್ಲವಾ? ಮೂರೂ ಬೇರೆ ಬೇರೆ ಸಮಸ್ಯೆ.

ಇದಕ್ಕೂ ಹಿಂದಿನ ಒಂದು ಸಮಸ್ಯೆ ಇದೆ, ಕೇಬಲ್ ಸಮಸ್ಯೆ. ಇಎಸ್‌ಪಿ32 ತರದ ಬೋರ್ಡುಗಳಿಗೆ ಫೋನ್ ಚಾರ್ಜರಿನ ಮೈಕ್ರೋ ಯುಎಸ್‌ಬಿ ಕೇಬಲ್ ಹಾಕುತ್ತಾರೆ. ಯುಎಸ್‌ಬಿ 2.0 ಕೇಬಲಿನಲ್ಲಿ ಕರೆಂಟಿಗೆ ಎರಡು, ಡೇಟಾಗೆ ಎರಡು ವೈರ್ ಇರಬೇಕು. ಅಗ್ಗದ ಚಾರ್ಜಿಂಗ್ ಕೇಬಲಿನಲ್ಲಿ ಡೇಟಾದ ಎರಡು ವೈರ್ ಇರುವುದೇ ಇಲ್ಲ. ಬೋರ್ಡಿನ ಕೆಂಪು ಲೈಟ್ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಲೈಟ್ ಹತ್ತಿದೆಯಲ್ಲ ಅಂತ ಮಕ್ಕಳು ಕೇಬಲನ್ನು ಅನುಮಾನಿಸುವುದೇ ಇಲ್ಲ. ಈಗ ನನ್ನ ಬ್ಯಾಗಿನಲ್ಲಿ ಡೇಟಾ ಹೋಗುತ್ತದೆ ಅಂತ ಖಾತ್ರಿ ಇರುವ ಕೇಬಲುಗಳಿಗೆ ಹಸಿರು ಟೇಪ್ ಸುತ್ತಿ ಇಟ್ಟುಕೊಂಡಿದ್ದೇನೆ.

ವಿಂಡೋಸ್: ಸಹಿ ಯಾರದ್ದು

ನಾವು ಓದುವ ಕಾಲದಲ್ಲಿ ಚಿಪ್‌ಗೆ ಪ್ರೋಗ್ರಾಂ ತುಂಬುತ್ತಿದ್ದದ್ದು ಪ್ರಿಂಟರಿನ 25 ಪಿನ್ ಪೋರ್ಟಿನಿಂದ. ನಾಲ್ಕಾರು ರೆಸಿಸ್ಟರ್ ಬೆಸುಗೆ ಹಾಕಿದ ಕೇಬಲ್ ಇದ್ದರೆ ಸಾಕಿತ್ತು. ವಿಂಡೋಸ್ 98ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಆ ಪೋರ್ಟಿನ ವಿಳಾಸಕ್ಕೆ ನೇರವಾಗಿ ಬರೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಲ್ಯಾಬಿಗೆ ಎಕ್ಸ್‌ಪಿ ಬಂದ ಮೇಲೆ ಅದೇ ಕೇಬಲ್, ಅದೇ ಪ್ರೋಗ್ರಾಂ ಸುಮ್ಮನಾದವು. ಕೇಬಲ್ ಸುಟ್ಟಿದೆ ಅಂತ ಹೊಸದು ಮಾಡಿದವರೂ ಇದ್ದರು. ಆಗಿದ್ದಿಷ್ಟು: ಎಕ್ಸ್‌ಪಿ ಹಾರ್ಡ್‌ವೇರಿನ ಬಾಗಿಲನ್ನು ಮಾಮೂಲಿ ಪ್ರೋಗ್ರಾಂಗಳಿಗೆ ಮುಚ್ಚಿತ್ತು. ಆ ಬಾಗಿಲು ತೆರೆಸೋಕೆ ಗಿವ್‌ಐಓ ಅನ್ನುವ ಪುಟ್ಟ ಡ್ರೈವರ್ ಹಾಕಬೇಕಿತ್ತು. ಇವತ್ತಿಗೂ ಆರ್ಡುಯಿನೋ ಐಡಿಇ ಒಳಗಿನಿಂದ ಕರೆಯುವ ಎವಿಆರ್‌ಡ್ಯೂಡ್ ಅನ್ನುವ ಟೂಲ್ ಇದೆಯಲ್ಲ, ಆ ದಿನಗಳಲ್ಲಿ ಅದರ ವಿಂಡೋಸ್ ಪ್ಯಾಕೇಜಿನ ಜೊತೆ ಈ ಡ್ರೈವರ್ ಕೂಡ ಬರುತ್ತಿತ್ತು.

ಆಮೇಲೆ ಆ ಬಾಗಿಲು ಇನ್ನೂ ಬಿಗಿಯಾಯಿತು. 64 ಬಿಟ್ ವಿಂಡೋಸಿನಲ್ಲಿ ವಿಸ್ಟಾ ಕಾಲದಿಂದಲೇ ಕರ್ನಲ್, ಅಂದರೆ ಸಿಸ್ಟಮಿನ ತಿರುಳಿನ ಒಳಗೆ ಓಡುವ ಡ್ರೈವರಿಗೆ ಡಿಜಿಟಲ್ ಸಹಿ ಬೇಕು. 2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ಹೊಸ ಡ್ರೈವರುಗಳಿಗೆ ಮೈಕ್ರೋಸಾಫ್ಟ್ ಮೂಲಕವೇ ಸಹಿ ಆಗಬೇಕು. ಇದು ಕಿರಿಕಿರಿ ಅನ್ನಿಸಿದರೂ ನಾನು ಇದರ ಪರ. ಕರ್ನಲ್ ಒಳಗೆ ಕೂತ ಕೋಡ್ ಇಡೀ ಕಂಪ್ಯೂಟರನ್ನೇ ಆಳಬಲ್ಲದು. ಯಾವುದೋ ಸೈಟಿನಿಂದ ಇಳಿಸಿದ ಜಿಪ್ ಫೈಲಿಗೆ ಆ ಅಧಿಕಾರ ಕೊಡುವ ಮುಂಚೆ ಒಬ್ಬರು ಅಡ್ಡ ನಿಂತು "ಇದು ಯಾರದ್ದು?" ಅಂತ ಕೇಳುವುದು ಸರಿಯೇ.

ಈಚಿನ ವಿಂಡೋಸಿನಲ್ಲಿ ಮೂಲ ಯುನೋಗೆ ಬೇರೆ ಡ್ರೈವರ್ ಬೇಕಿಲ್ಲ. ಅದು ಮಾತಾಡುವ ರೀತಿ ಒಂದು ಸಾಮಾನ್ಯ ಒಪ್ಪಂದಕ್ಕೆ ಸೇರಿದ್ದು, ವಿಂಡೋಸ್ 10ರಿಂದ ಅದಕ್ಕೆ ಡ್ರೈವರ್ ಒಳಗೇ ಇದೆ. ಸಿಎಚ್340 ಹಾಗಲ್ಲ, ಅದರ ಭಾಷೆ ಅದರದ್ದೇ. ನೆಟ್ ಇದ್ದರೆ ವಿಂಡೋಸ್ ಅಪ್‌ಡೇಟ್ ಸಾಮಾನ್ಯವಾಗಿ ತಾನೇ ತಂದು ಹಾಕುತ್ತದೆ. ನೆಟ್ ಇಲ್ಲದ, ಅಪ್‌ಡೇಟ್ ನಿಲ್ಲಿಸಿಟ್ಟ ಲ್ಯಾಬಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನ ಕೂತಿರುತ್ತದೆ. ಡ್ರೈವರ್ ಹಾಕೋಣ ಅಂದರೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಸಿಸ್ಟಮ್ ನೋಡಿಕೊಳ್ಳುವವರ ಹತ್ತಿರ, ಅವರು ಅವತ್ತು ರಜೆ. ಒಂದು ಕಾಲೇಜಿನಲ್ಲಿ ಅವರನ್ನು ಮನೆಯಿಂದ ಕರೆಸಿ ಎಲ್ಲ ಕಂಪ್ಯೂಟರಿಗೂ ಡ್ರೈವರ್ ಹಾಕಿಸಿದೆವು. ಮರುದಿನ ಬೆಳಗ್ಗೆ ಆನ್ ಮಾಡಿದರೆ ಒಂದರಲ್ಲೂ ಇಲ್ಲ. ರೀಸ್ಟಾರ್ಟ್ ಆದಾಗಲೆಲ್ಲ ಹಳೆಯ ಸ್ಥಿತಿಗೇ ತಂದು ನಿಲ್ಲಿಸುವ ಸಾಫ್ಟ್‌ವೇರ್ ಅಲ್ಲಿತ್ತು. ವೈರಸ್ ಕಾಟಕ್ಕೆ ಎಷ್ಟೋ ಲ್ಯಾಬುಗಳಲ್ಲಿ ಹೀಗೆ ಮಾಡಿರುತ್ತಾರೆ, ತಪ್ಪೇನಿಲ್ಲ. ಆದರೆ ಇದನ್ನು ಮೊದಲೇ ಕೇಳಿ ತಿಳಿದುಕೊಂಡು, ಆ ಬೀಗ ತೆಗೆಸಿ, ಡ್ರೈವರ್ ಹಾಕಿಸಿ, ಮತ್ತೆ ಬೀಗ ಹಾಕಿಸುವುದು ವರ್ಕ್‌ಶಾಪಿನ ತಯಾರಿಯಲ್ಲೇ ಸೇರಬೇಕು.

ಡ್ರೈವರ್ ಎಷ್ಟು ಬಲಶಾಲಿ ಅನ್ನುವುದಕ್ಕೆ 2014ರ ಅಕ್ಟೋಬರಿನ ಒಂದು ಘಟನೆ ಹೇಳಲೇಬೇಕು. ಆಗ ಇಂಥ ದುಭಾಷಿ ಚಿಪ್‌ಗಳಲ್ಲಿ ಎಫ್‌ಟಿಡಿಐ ಕಂಪನಿಯದ್ದು ಬಹಳ ಹೆಸರುವಾಸಿ. ನಕಲಿಗಳೂ ಅಷ್ಟೇ ಇದ್ದವು. ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂತು. ಅದು ನಕಲಿ ಚಿಪ್ ಸಿಕ್ಕರೆ ಅದರ ಒಳಗಿನ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಆಮೇಲೆ ಆ ಬೋರ್ಡನ್ನು ಲಿನಕ್ಸ್ ಕಂಪ್ಯೂಟರಿಗೆ ಹಾಕಿದರೂ ಗುರುತು ಸಿಗುತ್ತಿರಲಿಲ್ಲ. ಗಲಾಟೆ ಆಗಿ ಆ ಡ್ರೈವರನ್ನು ವಾಪಸ್ ತೆಗೆದರು. ತಾನು ಕೊಂಡದ್ದು ನಕಲಿ ಅಂತ ಗೊತ್ತೇ ಇಲ್ಲದ ವಿದ್ಯಾರ್ಥಿಗೆ ಶಿಕ್ಷೆ ಕೊಟ್ಟದ್ದು ಯಾವ ನ್ಯಾಯ? ಇವತ್ತಿಗೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಲಿನಕ್ಸ್: ಮಲೆನಾಡಿನ ಒಂದು ಲ್ಯಾಬ್

ಈಗ ನನಗೆ ಅತ್ಯಂತ ಇಷ್ಟದ ಘಟನೆ. ಮಲೆನಾಡಿನ ಒಂದು ಡಿಪ್ಲೊಮಾ ಕಾಲೇಜು. ಹೊರಗೆ ಮಳೆ ಸುರಿಯುತ್ತಿತ್ತು, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಲ್ಯಾಬಿನ ಎಲ್ಲ ಡೆಸ್ಕ್‌ಟಾಪಿನಲ್ಲೂ ಉಬುಂಟು 22.04. ಲಿನಕ್ಸ್ ಅಂದರೆ ನನಗೆ ಒಳಗೊಳಗೇ ಸಮಾಧಾನ, ಯಾಕೆಂದರೆ ಸಿಎಚ್340ರ ಡ್ರೈವರ್ ಅದರ ಕರ್ನಲಿನಲ್ಲೇ ವರ್ಷಗಳಿಂದ ಇದೆ. ಬೇರೆ ಡ್ರೈವರ್ ಇಳಿಸಬೇಕಿಲ್ಲ.

ಐಡಿಇ ಅಲ್ಲಿ ಆಪ್‌ಇಮೇಜ್ ಅನ್ನುವ ಒಂದೇ ಫೈಲಾಗಿ ಬರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಸುಮ್ನೆ ಇರುತ್ತದೆ. ಮೊದಲು ಅದಕ್ಕೆ ಓಡುವ ಅನುಮತಿ ಕೊಡಬೇಕು. 22.04ರಲ್ಲಿ ಲಿಬ್‌ಫ್ಯೂಸ್2 ಅನ್ನುವ ಲೈಬ್ರರಿಯನ್ನೂ ಬೇರೆಯಾಗಿ ಹಾಕಬೇಕು. ಅದೆಲ್ಲ ಮುಗಿಸಿ ಬೋರ್ಡ್ ಚುಚ್ಚಿದೆವು. ಐಡಿಇಯ ಪೋರ್ಟ್ ಪಟ್ಟಿ, ಅಂದರೆ ಬೋರ್ಡ್ ಯಾವ ಬಾಗಿಲಲ್ಲಿದೆ ಅಂತ ತೋರಿಸುವ ಪಟ್ಟಿ, ಖಾಲಿ. ಕಿಟಕಿ ಪಕ್ಕ ಕೂತಿದ್ದ ಒಬ್ಬ ಹುಡುಗಿ ಕಣ್ಣಿಟ್ಟು ನೋಡುತ್ತಿದ್ದಳು. "ಒಂದು ಕ್ಷಣ ಬಂದು ಹೋಯ್ತು ಮೇಡಂ" ಅಂದಳು. ಪಕ್ಕದವರು ನಂಬಲಿಲ್ಲ. ಅವಳು ಕೇಬಲ್ ಕಿತ್ತು ಮತ್ತೆ ಚುಚ್ಚಿದಳು. ಹೌದು, ಟಿಟಿವೈಯುಎಸ್‌ಬಿ0 ಅನ್ನುವ ಹೆಸರು ಬಂತು, ಮಾಯವಾಯಿತು.

ಕರ್ನಲ್ ತನ್ನ ಡೈರಿ ಬರೆಯುತ್ತಿರುತ್ತದೆ, ಅದನ್ನು ಓದೋಣ ಅಂದೆ. ಡಿಮೆಸೇಜ್ ಕಮಾಂಡ್ ಕೊಟ್ಟು ಕೊನೆಯ ಸಾಲುಗಳನ್ನು ಅವಳೇ ಜೋರಾಗಿ ಓದಿದಳು. ಸಿಎಚ್341 ಡ್ರೈವರ್ (ಲಿನಕ್ಸಿನಲ್ಲಿ ಸಿಎಚ್340ರ ಡ್ರೈವರಿಗೆ ಇದೇ ಹೆಸರು) ಬೋರ್ಡನ್ನು ಹಿಡಿದು ಟಿಟಿವೈಯುಎಸ್‌ಬಿ0ಗೆ ಜೋಡಿಸಿತು ಅಂತ ಒಂದು ಸಾಲು. ಅದರ ಕೆಳಗೆ, ಬಿಆರ್‌ಎಲ್‌ಟಿಟಿ ಅನ್ನುವ ಯಾವುದೋ ಪ್ರೋಗ್ರಾಂ ಅದೇ ಬೋರ್ಡಿಗೆ ಕೈ ಹಾಕಿದೆ ಅಂತ ಇನ್ನೊಂದು. ಆಮೇಲೆ ಡ್ರೈವರಿನ ಸಂಪರ್ಕ ಕಡಿಯಿತು ಅಂತ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಫೋನಿನಲ್ಲಿ ಹುಡುಕಿ ಉತ್ತರ ತಂದ. "ಬಿಆರ್‌ಎಲ್‌ಟಿಟಿ ತೆಗೆದುಹಾಕಿದ್ರೆ ಸರಿ ಹೋಗುತ್ತಂತೆ ಮೇಡಂ, ಎಲ್ಲರೂ ಹಾಗೇ ಹೇಳಿದಾರೆ. ಒಂದೇ ಕಮಾಂಡ್."

ಲ್ಯಾಬ್ ಇನ್‌ಸ್ಟ್ರಕ್ಟರ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಿವೃತ್ತಿಗೆ ಹತ್ತಿರದ ವಯಸ್ಸು, ಜಾಸ್ತಿ ಮಾತಾಡುವವರಲ್ಲ. "ಅದು ಏನು ಪ್ರೋಗ್ರಾಂ ಮೇಡಂ?" ಅಂದರು. ಬ್ರೈಲ್ ಡಿಸ್‌ಪ್ಲೇಗೆ ಸಂಬಂಧಿಸಿದ್ದು ಸರ್ ಅಂದೆ. "ಬ್ರೈಲ್ ಅಂದ್ರೆ ಕಣ್ಣು ಕಾಣದವರು ಮುಟ್ಟಿ ಓದೋದು ಅಲ್ವಾ? ಅದನ್ನ ಯಾಕೆ ತೆಗೀಬೇಕು?"

ಲ್ಯಾಬಿನಲ್ಲಿ ಎಲ್ಲರೂ ಒಮ್ಮೆ ಸುಮ್ಮನಾದರು. ನಿಜ, ಯಾಕೆ ತೆಗೆಯಬೇಕು? ಆಗ ಆರ್ಡುಯಿನೋ ಪಾಠ ಬಿಟ್ಟು ಇದನ್ನೇ ಹಿಡಿದು ಕೂತೆವು. ಬಿಆರ್‌ಎಲ್‌ಟಿಟಿ 1995ರಿಂದ ಬೆಳೆದು ಬಂದಿರುವ ಪ್ರೋಗ್ರಾಂ. ಪರದೆಯ ಮೇಲಿನ ಅಕ್ಷರಗಳನ್ನು ಬೆರಳಿಗೆ ತಾಗುವ ಚುಕ್ಕಿಗಳಾಗಿ ಎತ್ತಿ ಕೊಡುವ ಸಾಧನಗಳ ಜೊತೆ ಅದು ಮಾತಾಡುತ್ತದೆ. ಅಂಥ ಸಾಧನ ಚುಚ್ಚಿದ ಕೂಡಲೇ, ಯಾರ ಸಹಾಯವೂ ಬೇಡದೆ, ತಾನೇ ಶುರುವಾಗಬೇಕು. ಯಾಕೆಂದರೆ ಶುರು ಮಾಡುವ ಬಟನ್ ಎಲ್ಲಿದೆ ಅಂತ ಅದನ್ನು ಬಳಸುವವರಿಗೆ ಕಾಣುವುದಿಲ್ಲ. ಹಾಗಾಗಿ ಅದು ಯುಎಸ್‌ಬಿ ಗುರುತಿನ ಸಂಖ್ಯೆಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಈ ಸಂಖ್ಯೆಯ ಸಾಧನ ಬಂದರೆ ನನ್ನನ್ನು ಎಬ್ಬಿಸು ಅಂತ, ಹೊಸ ಸಾಧನ ಬಂದಾಗ ನಿಯಮ ನೋಡಿ ಕೆಲಸ ಹಚ್ಚುವ ಲಿನಕ್ಸಿನ ಯೂಡೆವ್‌ಗೆ ಹೇಳಿಟ್ಟಿದೆ.

ತೊಡಕು ಆ ಸಂಖ್ಯೆಯಲ್ಲಿದೆ. ಮಾಮೂಲಿ ಸಿಎಚ್340 ಚಿಪ್ ಹಾಕಿದ ಬೋರ್ಡುಗಳೆಲ್ಲ ಕೊಡುವ ಗುರುತು ಒಂದೇ, 1ಎ86 ಮತ್ತು 7523. ಬೋರ್ಡ್ ಯಾರು ಮಾಡಿದರು, ಅದು ಏನು ಕೆಲಸ ಮಾಡುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಒಂದು ಬ್ರೈಲ್ ಓದುವ ಸಾಧನವೂ ಇದೇ ಗುರುತು ಕೊಡುತ್ತದೆ. ಹೀಗಾಗಿ ಕಂಪ್ಯೂಟರಿಗೆ ಆ ಸಾಧನವೂ ನಮ್ಮ ಬೋರ್ಡೂ ಒಂದೇ. ಒಂದೇ ಊರಿನಲ್ಲಿ ಒಂದೇ ಇನಿಷಿಯಲ್, ಒಂದೇ ಹೆಸರಿನ ಇಬ್ಬರಿದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಿಯಾನು? ಇಲ್ಲಿ ಯಾರದ್ದೂ ತಪ್ಪಿಲ್ಲ. ಬಿಆರ್‌ಎಲ್‌ಟಿಟಿ ಕಣ್ಣು ಕಾಣದ ಒಬ್ಬರಿಗಾಗಿ ಓಡಿ ಬಂದಿದೆ, ಡ್ರೈವರ್ ನಮಗಾಗಿ ಓಡಿ ಬಂದಿದೆ.

ಇಷ್ಟು ತಿಳಿದ ಮೇಲೆ ಮಕ್ಕಳೇ ವಾದ ಶುರು ಮಾಡಿದರು. ಈಗ ಈ ಲ್ಯಾಬಿನಲ್ಲಿ ಅಂಥವರು ಯಾರೂ ಇಲ್ಲವಲ್ಲ, ತೆಗೆದರೆ ಏನು ಅಂದ ಒಬ್ಬ. ಇವತ್ತು ಇಲ್ಲ, ಮುಂದಿನ ವರ್ಷ ಬಂದರೆ? ಆಗ ಯಾರಿಗೆ ನೆನಪಿರುತ್ತದೆ, ಇಲ್ಲಿಂದ ಇದನ್ನು ಕಿತ್ತು ಹಾಕಿದ್ದೇವೆ ಅಂತ? ಕೊನೆಗೆ ಇಡೀ ಪ್ರೋಗ್ರಾಂ ಉಳಿಸಿಕೊಂಡು, ಪಟ್ಟಿಯಲ್ಲಿ ಆ ಒಂದು ಸಾಲನ್ನು ಮಾತ್ರ ಮುಚ್ಚುವುದು ಅಂತಾಯಿತು. ಲಿನಕ್ಸಿನಲ್ಲಿ ಇದಕ್ಕೆ ಚೆಂದದ ವ್ಯವಸ್ಥೆ ಇದೆ. ಸಿಸ್ಟಮಿನ ನಿಯಮದ ಫೈಲನ್ನು ತಿದ್ದಬೇಕಿಲ್ಲ. ಅದರ ಒಂದು ಪ್ರತಿಯನ್ನು ಅದೇ ಹೆಸರಿನಲ್ಲಿ ಇಟಿಸಿ ಒಳಗಿನ ಯೂಡೆವ್ ರೂಲ್ಸ್ ಫೋಲ್ಡರಿನಲ್ಲಿ ಇಟ್ಟರೆ ಅದೇ ಲೆಕ್ಕಕ್ಕೆ ಬರುತ್ತದೆ. ಕಿಟಕಿ ಪಕ್ಕದ ಹುಡುಗಿ ಆ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದಳು. ಮೇಲೆ ಒಂದು ಸಾಲು ಬರೆಯಲು ಹೇಳಿದೆ, ಯಾಕೆ ಮುಚ್ಚಿದ್ದು, ಯಾವಾಗ ತೆರೆಯಬೇಕು ಅಂತ. ಇಂಗ್ಲಿಷಾ ಕನ್ನಡವಾ ಅಂದಳು. ನಿನ್ನ ಮುಂದಿನ ಬ್ಯಾಚಿನವರು ಓದೋದು ಯಾವುದು ಸುಲಭವೋ ಅದು ಅಂದೆ. ಕನ್ನಡದಲ್ಲೇ ಬರೆದಳು.

ರೀಸ್ಟಾರ್ಟ್ ಮಾಡಿ ಬೋರ್ಡ್ ಚುಚ್ಚಿದರೆ ಪೋರ್ಟ್ ಗಟ್ಟಿಯಾಗಿ ನಿಂತಿತು. ಅಪ್‌ಲೋಡ್ ಒತ್ತಿದರೆ, ಪರ್ಮಿಷನ್ ಡಿನೈಡ್. "ಇನ್ನೂ ಒಂದಾ ಮೇಡಂ!" ಅಂತ ಎಲ್ಲರೂ ಕೂಗಿದರು. ಉಬುಂಟುವಿನಲ್ಲಿ ಸೀರಿಯಲ್ ಪೋರ್ಟ್ ಡಯಲೌಟ್ ಅನ್ನುವ ಗುಂಪಿನ ಸ್ವತ್ತು. ಮೋಡೆಮಿನಿಂದ ಫೋನ್ ಮಾಡಿ ಬೇರೆ ಕಂಪ್ಯೂಟರಿಗೆ ಸೇರಿಕೊಳ್ಳುತ್ತಿದ್ದ ಕಾಲದಲ್ಲಿ ಪ್ರತಿ ಕಾಲ್‌ಗೂ ದುಡ್ಡು ಬೀಳುತ್ತಿತ್ತು, ಯಾರು ಬೇಕಾದರೂ ಪೋರ್ಟ್ ಮುಟ್ಟುವ ಹಾಗಿರಲಿಲ್ಲ. ಆ ಏರ್ಪಾಡು ಇವತ್ತಿಗೂ ಉಳಿದಿದೆ. ಯೂಸರನ್ನು ಆ ಗುಂಪಿಗೆ ಸೇರಿಸಿದರೆ ಸಾಕು. ಸೇರಿಸಿದ ಮೇಲೆ ಲಾಗೌಟ್ ಆಗಿ ಮತ್ತೆ ಒಳಗೆ ಬರಬೇಕು. ಯಾವ ಯಾವ ಗುಂಪಿನಲ್ಲಿದ್ದೀರಿ ಅಂತ ಸಿಸ್ಟಮ್ ನೋಡುವುದು ಒಳಗೆ ಬರುವಾಗ ಮಾತ್ರ. ಎಷ್ಟೋ ಜನ ಇದನ್ನು ತಿಳಿಯದೆ, ಸೇರಿಸಿದರೂ ಆಗಲಿಲ್ಲ ಅಂತ ಐಡಿಇಯನ್ನೇ ಸುಡೋ ಕೊಟ್ಟು, ಅಂದರೆ ಸಿಸ್ಟಮಿನ ಒಡೆಯನಾದ ರೂಟ್ ಹೆಸರಿನಲ್ಲಿ, ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವತ್ತಿಗೆ ಕೆಲಸ ಆದರೂ ಅದು ಮಾಡಿದ ಫೋಲ್ಡರುಗಳೆಲ್ಲ ರೂಟ್ ಹೆಸರಿಗೆ ಹೋಗುತ್ತವೆ. ನಾಳೆ ಮಾಮೂಲಿಯಾಗಿ ತೆರೆದರೆ ನಿಮ್ಮ ಫೈಲನ್ನು ನೀವೇ ಸೇವ್ ಮಾಡೋಕಾಗದೆ ಹೋಗಬಹುದು.

ಅವತ್ತು ಸರ್ವೋ ಮೋಟರ್ ಪಾಠ ಆಗಲಿಲ್ಲ. ಆದರೆ ಸಾಧನ, ಗುರುತು, ನಿಯಮ, ಗುಂಪು, ಅನುಮತಿ ಅನ್ನುವ ಸರಪಳಿ ಆ ಮಕ್ಕಳಿಗೆ ಕೊಂಡಿ ಕೊಂಡಿಯಾಗಿ ಗೊತ್ತಾಯಿತು. ಕಂಪ್ಯೂಟರ್ ಅನ್ನುವುದು ಹಲವರು ಹಂಚಿಕೊಂಡು ಬಳಸುವ ವಸ್ತು ಅನ್ನುವುದೂ ಗೊತ್ತಾಯಿತು. ಇದನ್ನು ಹೇಳಿಕೊಡುವ ಚಾಪ್ಟರ್ ಯಾವ ಮೈಕ್ರೋಕಂಟ್ರೋಲರ್ ಪುಸ್ತಕದಲ್ಲಿದೆ?

ಮ್ಯಾಕ್, ಮತ್ತೆ ಇನ್‌ಸ್ಟಾಲೇ ಬೇಡ ಅನ್ನುವ ದಾರಿ

ಮ್ಯಾಕ್ ಬಗ್ಗೆ ನನ್ನ ಹತ್ತಿರ ಹೇಳೋದು ಕಮ್ಮಿ. ನಾನು ಹೋಗುವ ಕಾಲೇಜುಗಳಲ್ಲಿ ಅದು ಅಪರೂಪ, ಬೆಂಗಳೂರಿನ ವೀಕೆಂಡ್ ಗುಂಪುಗಳಲ್ಲಿ ಸಿಗುತ್ತದೆ. 2018ರ ಮೊಹಾವೆ ಆವೃತ್ತಿಯಿಂದ ಸಿಎಚ್340ರ ಡ್ರೈವರ್ ಆಪಲ್ ಕಡೆಯಿಂದಲೇ ಇದೆ. ಹಳೆಯ ಸಲಹೆ ಓದಿ ಇನ್ನೊಂದನ್ನು ಹಾಕಿಕೊಂಡರೆ ಎರಡೂ ಜಗಳ ಆಡುವ ಸಾಧ್ಯತೆ ಇದೆ. ಪ್ರೋಗ್ರಾಂ ಮಾಡಿದವರು ಆಪಲ್ ಹತ್ತಿರ ಪರಿಶೀಲನೆ ಮಾಡಿಸಿಲ್ಲ ಅಂದರೆ ಸಿಸ್ಟಮ್ ತೆರೆಯಲು ಬಿಡುವುದಿಲ್ಲ. ಮೊದಲು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ದಾರಿ ಇತ್ತು. 2024ರ ಸೆಕ್ವೋಯಾದಿಂದ ಅದೂ ಇಲ್ಲ, ಸೆಟ್ಟಿಂಗ್ಸಿನ ಪ್ರೈವೆಸಿ ಮತ್ತು ಸೆಕ್ಯುರಿಟಿ ಭಾಗಕ್ಕೇ ಹೋಗಿ ಒಪ್ಪಿಗೆ ಕೊಡಬೇಕು. ಎಂ1 ಮತ್ತು ಆಮೇಲಿನ ಲ್ಯಾಪ್‌ಟಾಪುಗಳಲ್ಲಿ ವೆಂಚುರಾದಿಂದ ಈಚೆಗೆ ಬೋರ್ಡ್ ಚುಚ್ಚಿದಾಗ "ಈ ಸಾಧನವನ್ನು ಸೇರಿಸಿಕೊಳ್ಳಲೇ?" ಅಂತ ಒಂದು ಪ್ರಶ್ನೆ ಬರುತ್ತದೆ. ಅವಸರದಲ್ಲಿ ಬೇಡ ಒತ್ತಿದವರಿಗೆ ಬೋರ್ಡ್ ಕಾಣುವುದಿಲ್ಲ.

ಇಷ್ಟೆಲ್ಲ ಯಾಕೆ, ಬ್ರೌಸರಿನಿಂದಲೇ ಅಪ್‌ಲೋಡ್ ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. ಮಾಡಬಹುದು. 2021ರಿಂದ ಕ್ರೋಮ್ ಬ್ರೌಸರಿನಲ್ಲಿ ವೆಬ್ ಪೇಜಿಗೆ ಸೀರಿಯಲ್ ಪೋರ್ಟ್ ಮುಟ್ಟಲು ಬಿಡುವ ವೆಬ್ ಸೀರಿಯಲ್ ಇದೆ, ಒಂದು ಪೇಜ್ ತೆರೆದು ಇಎಸ್‌ಪಿ32ಗೆ ಪ್ರೋಗ್ರಾಂ ತುಂಬಬಹುದು. ಆದರೆ ಬ್ರೌಸರ್ ಕೂಡ ಆ ಪೋರ್ಟನ್ನು ಆಪರೇಟಿಂಗ್ ಸಿಸ್ಟಮ್ ಹತ್ತಿರವೇ ಕೇಳಬೇಕು. ವಿಂಡೋಸಿನಲ್ಲಿ ಡ್ರೈವರ್ ಇಲ್ಲದಿದ್ದರೆ ಅಲ್ಲೂ ಇಲ್ಲ. ಡಯಲೌಟ್ ಗುಂಪಿಗೆ ಸೇರದಿದ್ದರೆ ಅಲ್ಲೂ ಡಿನೈಡ್.

ನಿಜವಾಗಿ ಬುದ್ಧಿವಂತಿಕೆಯ ದಾರಿ ಹಿಡಿದದ್ದು ಶಾಲೆಯ ಮಕ್ಕಳಿಗೆಂದು ಮಾಡಿದ ಮೈಕ್ರೋಬಿಟ್ ಬೋರ್ಡ್, ಆಮೇಲೆ 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ. ಪಿಕೋದ ಬಿಳಿ ಬಟನ್ ಒತ್ತಿ ಹಿಡಿದು ಕೇಬಲ್ ಚುಚ್ಚಿದರೆ ಅದು ಪೆನ್‌ಡ್ರೈವ್ ಆಗಿ ಕಾಣಿಸಿಕೊಳ್ಳುತ್ತದೆ. ಫೈಲ್ ಎಳೆದು ಹಾಕಿದರೆ ಮುಗಿಯಿತು. ಮೂರೂ ಸಿಸ್ಟಮಿಗೆ ಪೆನ್‌ಡ್ರೈವ್ ಗೊತ್ತು, ಡ್ರೈವರ್ ಬೇಡ, ಗುಂಪು ಬೇಡ. ಮೊದಲ ಸಲ ಮಾಡಿದಾಗ ಖುಷಿಯಿಂದ ಚಪ್ಪಾಳೆ ಹೊಡೆದಿದ್ದೆ. ಆದರೆ ನಮ್ಮ ಎಷ್ಟೋ ಲ್ಯಾಬುಗಳಲ್ಲಿ ಪೆನ್‌ಡ್ರೈವನ್ನೇ ಬ್ಲಾಕ್ ಮಾಡಿರುತ್ತಾರೆ. ಅಲ್ಲಿ ಯುನೋ ಕಾಣುತ್ತದೆ, ಪಿಕೋ ಕಾಣುವುದಿಲ್ಲ!

ಫೋಲ್ಡರಿನ ಹೆಸರು

ಕೊನೆಗೆ ಒಂದು ವಿಷಯ. ಇದು ನಮ್ಮ ಮಕ್ಕಳಿಗೆ ನೇರವಾಗಿ ತಟ್ಟುವಂಥದ್ದು, ಇದರ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಬ್ಬ ಬಿಎಸ್ಸಿ ವಿದ್ಯಾರ್ಥಿನಿ ಹೊಸ ಲ್ಯಾಪ್‌ಟಾಪ್ ತಂದಿದ್ದಳು, ವಿಂಡೋಸ್. ಪೋರ್ಟ್ ಕಾಣುತ್ತಿತ್ತು, ಡ್ರೈವರ್ ಸರಿ ಇತ್ತು. ಬೇರೆ ಬೋರ್ಡಿನ ಒಂದು ಟೂಲ್‌ನಲ್ಲಿ ಕಂಪೈಲ್ ಮಾತ್ರ ಆಗುತ್ತಿರಲಿಲ್ಲ. ಎರರ್ ಸಾಲಿನಲ್ಲಿ ಫೋಲ್ಡರಿನ ದಾರಿ ಇರುತ್ತದಲ್ಲ, ಅಲ್ಲಿ ಯೂಸರ್ಸ್ ಅನ್ನುವುದರ ಮುಂದೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಅವಳು ಲ್ಯಾಪ್‌ಟಾಪಿನ ಅಕೌಂಟಿಗೆ ತನ್ನ ಹೆಸರನ್ನು ಕನ್ನಡದಲ್ಲಿ ಕೊಟ್ಟಿದ್ದಳು. ಪ್ರೀತಿಯಿಂದ ಕೊಟ್ಟಿದ್ದ ಹೆಸರು. ಟೂಲಿಗೆ ಅದನ್ನು ಓದಲು ಬರಲಿಲ್ಲ.

ಕಾರಣ ಇದು. ವಿಂಡೋಸಿನ ಹಳೆಯ ಶೈಲಿಯ ಪ್ರೋಗ್ರಾಂಗಳು ಫೈಲಿನ ಹೆಸರನ್ನು ಕೋಡ್ ಪೇಜ್ ಅನ್ನುವ ಸಣ್ಣ ಅಕ್ಷರ ಕೋಷ್ಟಕದ ಮೂಲಕ ನೋಡುತ್ತವೆ. ಫ್ರೆಂಚ್, ಜರ್ಮನ್, ರಷ್ಯನ್, ಥಾಯ್ ಎಲ್ಲಕ್ಕೂ ಒಂದೊಂದು ಕೋಷ್ಟಕ ಇತ್ತು. ಹಾಗಾಗಿ ಆ ದೇಶಗಳ ಕಂಪ್ಯೂಟರಿನಲ್ಲಿ ಅವರ ಹೆಸರು ಹೇಗೋ ದಾಟಿ ಹೋಗುತ್ತದೆ. ಕನ್ನಡಕ್ಕೆ ವಿಂಡೋಸಿನಲ್ಲಿ ಅಂಥ ಕೋಷ್ಟಕವೇ ಇರಲಿಲ್ಲ. ಕನ್ನಡ ವಿಂಡೋಸಿಗೆ ಬಂದದ್ದೇ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಪಟ್ಟಿಯಾದ ಯುನಿಕೋಡ್ ಮೂಲಕ. ಹಳೆಯ ಶೈಲಿಯ ಟೂಲಿಗೆ ಕನ್ನಡದ ಒಂದು ಅಕ್ಷರವೂ ಕಾಣುವುದಿಲ್ಲ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಫೈಲ್ ಹೆಸರು ಯುನಿಕೋಡನ್ನು ಬರೆದಿಡುವ ಯುಟಿಎಫ್-8 ಅನ್ನುವ ರೀತಿಯಲ್ಲಿ ಇರುವುದರಿಂದ ಅಲ್ಲಿ ಕನ್ನಡದ ಫೋಲ್ಡರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ವಿಂಡೋಸಿನಲ್ಲೂ 2018ರಿಂದ ಯುಟಿಎಫ್-8 ಬಳಸುವ ಒಂದು ಆಯ್ಕೆ ಇದೆ, ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿದೆ ಅನ್ನುವ ಚೀಟಿಯ ಜೊತೆ. ಇಎಸ್‌ಪಿ32ರ ಅಧಿಕೃತ ಟೂಲ್‌ಗಳ ಕೈಪಿಡಿಯಲ್ಲೂ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಇನ್‌ಸ್ಟಾಲ್ ಮಾಡುವ ದಾರಿ 90 ಅಕ್ಷರ ಮೀರಬಾರದು, ಖಾಲಿ ಜಾಗ ಇರಬಾರದು, ಯುಟಿಎಫ್-8 ಆನ್ ಮಾಡದಿದ್ದರೆ ವಿಶೇಷ ಅಕ್ಷರಗಳೂ ಇರಬಾರದು. ಕನ್ನಡ ಅಲ್ಲಿ ವಿಶೇಷ ಅಕ್ಷರ.

ಅವತ್ತಿನ ಮಟ್ಟಿಗೆ ಇಂಗ್ಲಿಷ್ ಅಕ್ಷರದ ಇನ್ನೊಂದು ಅಕೌಂಟ್ ಮಾಡಿ, ಅದರಲ್ಲಿ ಟೂಲ್ ಹಾಕಿ ಕೆಲಸ ಮುಗಿಸಿದೆವು. ಮಧ್ಯಾಹ್ನದೊಳಗೆ ಅವಳ ಬೋರ್ಡ್ ಮಿನುಗಿತು. "ಮುಂದೆ ಹೆಸರು ಇಂಗ್ಲಿಷಲ್ಲೇ ಇಟ್ಕೋಬೇಕಾ ಮೇಡಂ?" ಅಂತ ಕೇಳಿದಳು. ಬೇಡ ಅಂದೆ. ಆ ಟೂಲ್ ಮಾಡಿದವರಲ್ಲಿ ಯಾರ ಲ್ಯಾಪ್‌ಟಾಪಿನಲ್ಲೂ ಕನ್ನಡದ ಫೋಲ್ಡರ್ ಇರಲಿಕ್ಕಿಲ್ಲ. ಇಂಥ ತೊಂದರೆ ಇದೆ ಅಂತ ಅವರಿಗೆ ಗೊತ್ತಾಗುವುದು ನಾವು ಹೇಳಿದರೆ ಮಾತ್ರ. ಇಬ್ಬರೂ ಕೂತು ಬಗ್ ರಿಪೋರ್ಟ್ ಬರೆದೆವು. ಯಾವ ವಿಂಡೋಸ್ ಆವೃತ್ತಿ, ಯಾವ ಟೂಲ್ ಆವೃತ್ತಿ, ಏನು ಮಾಡಿದಾಗ ಏನು ಬಂತು, ಎಲ್ಲ ಕ್ರಮವಾಗಿ. ಫೋಲ್ಡರಿನ ದಾರಿ ಬರೆಯುವಾಗ ಅವಳು ತನ್ನ ಹೆಸರಿನ ಜಾಗದಲ್ಲಿ ಬರೀ ನೇಮ್ ಅಂತ ಹಾಕಿದಳು. ನಿನ್ನ ಹೆಸರು ಬೇಡದಿದ್ದರೆ ಬೇಡ, ಬೇರೆ ಯಾವುದಾದರೂ ಕನ್ನಡ ಪದ ಹಾಕು, ಅಕ್ಷರ ಮಾತ್ರ ಕನ್ನಡದ್ದೇ ಇರಲಿ ಅಂದೆ. ಸರಿಪಡಿಸುವವರು ಅದನ್ನೇ ಕಾಪಿ ಮಾಡಿ ತಮ್ಮ ಕಂಪ್ಯೂಟರಿನಲ್ಲಿ ಫೋಲ್ಡರ್ ಮಾಡಿ ನೋಡಬೇಕಲ್ವಾ. ಅವಳು ಸ್ವಲ್ಪ ಯೋಚಿಸಿ, ಒತ್ತಕ್ಷರ ಇರುವ ಪದವೇ ಒಳ್ಳೆಯದು ಅಂದು, ಪುಸ್ತಕ ಅಂತ ಟೈಪ್ ಮಾಡಿದಳು.